ಅಸಲು ಮುಟ್ಟದ ರಾಯರು

ಜುಲೈ ಬಂತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಆಡಿಟರ್ ಆಫೀಸಿನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಸಲು ಬಂದ ರಿಟೈರಾದವರದೇ ಸಾಲು. ಒಬ್ಬೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಫೈಲು, ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಎಫ್‌ಡಿ ರಸೀದಿಗಳು. ಯಾವ ಬ್ಯಾಂಕಿನಲ್ಲಿ ಕಾಲು ಪರ್ಸೆಂಟ್ ಜಾಸ್ತಿ ಅಂತ ಇವರೇ ನನಗೆ ಹೇಳಿ ಹೋಗುತ್ತಾರೆ. ದುಡ್ಡು ಉಳಿಸುವುದನ್ನು ಇವರಿಗೆ ಕಲಿಸಲು ನಾನ್ಯಾರು? ನನಗೆ ತಲೆ ಕೆಡುವುದು ಒಂದೇ ಮಾತಿಗೆ: "ಏನೇ ಆಗಲಿ ಆಡಿಟ್ರೇ, ಅಸಲು ಮಾತ್ರ ಮುಟ್ಟುವುದಿಲ್ಲ."

ಸ್ವಾಮಿ, ನೀವು ಮುಟ್ಟದಿದ್ದರೂ ಅದು ಕರಗುತ್ತಿದೆ.

ಸರ್ಕಾರದ ಸೀನಿಯರ್ ಸಿಟಿಜನ್ ಉಳಿತಾಯ ಸ್ಕೀಮಿನಲ್ಲಿ ಒಬ್ಬರು ಹೆಚ್ಚೆಂದರೆ 30 ಲಕ್ಷ ಇಡಬಹುದು. ಬಡ್ಡಿ 8.2 ಇದ್ದಾಗ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಅಂದರೆ ತಿಂಗಳಿಗೆ 20,500. ಇನ್ನು ಬೆಲೆ ವರ್ಷಕ್ಕೆ ನೂರಕ್ಕೆ ಆರರ ಹಾಗೆ ಏರುತ್ತದೆ ಅಂತಿಟ್ಟುಕೊಳ್ಳಿ. ಹನ್ನೆರಡು ವರ್ಷಕ್ಕೆ ಎಲ್ಲದರ ಬೆಲೆಯೂ ಎರಡರಷ್ಟು. ಆಗಲೂ ಪಾಸ್‌ಬುಕ್ಕಿನಲ್ಲಿ 30 ಲಕ್ಷವೇ ಇರುತ್ತದೆ, ಒಂದು ರೂಪಾಯಿ ಕಡಿಮೆಯಿಲ್ಲ. ಆದರೆ ಅದಕ್ಕೆ ಸಿಗುವುದು ಇವತ್ತಿನ 15 ಲಕ್ಷದ ಸಾಮಾನು. ಬಡ್ಡಿಯೂ ಹೀಗೇ ಇರುತ್ತದೆ ಅಂತ ಯಾರು ಹೇಳಿದರು? 2020ರ ಏಪ್ರಿಲ್‌ನಲ್ಲಿ ಇದೇ ಸ್ಕೀಮಿನ ಬಡ್ಡಿ 8.6ರಿಂದ ಒಂದೇ ಸಲಕ್ಕೆ 7.4ಕ್ಕೆ ಇಳಿಯಿತು. ಹಳೆಯ ಖಾತೆಯವರಿಗೆ ಏನೂ ಆಗಲಿಲ್ಲ, ಹೊಸದಾಗಿ ಇಟ್ಟವರು ಬಾಯಿ ಬಡಿದುಕೊಂಡರು. ಇದನ್ನೆಲ್ಲ ಕರೆಂಟ್ ಬಿಲ್ಲಿನ ಹಿಂದೆ ಬರೆದು ತೋರಿಸುತ್ತೇನೆ. ತಲೆ ಆಡಿಸುತ್ತಾರೆ. ಎದ್ದು ಹೋಗುವಾಗ ಬಾಗಿಲ ಹತ್ತಿರ, "ಆದ್ರೂ ಅಸಲು ಮುಟ್ಟಬಾರ್ದು ಅಲ್ವಾ?"

ಕುಂದಾಪುರ ಕಡೆಯ ರಾಯರೊಬ್ಬರಿದ್ದಾರೆ. 71 ವರ್ಷ. ಹಗಲು ಹೋಟೆಲಿನಲ್ಲಿ ದುಡಿದು, ನೈಟ್ ಸ್ಕೂಲಿನಲ್ಲಿ ಓದಿ, ಒಳ್ಳೆಯ ನೌಕರಿ ಹಿಡಿದವರು. ಸ್ವಂತ ಫ್ಲ್ಯಾಟು, ಕೈಯಲ್ಲಿ 90 ಲಕ್ಷ. ಮನೆ ಖರ್ಚು ಬಡ್ಡಿಯಲ್ಲೇ ಆಗುತ್ತದೆ. ಮಗ, ಸೊಸೆ ಇಬ್ಬರೂ ಇವರಿಗಿಂತ ಜಾಸ್ತಿ ಸಂಪಾದಿಸುತ್ತಾರೆ. ಆದರೂ ರಾಯರು ಊರಿಗೆ ಹೋಗದೆ ಆರು ವರ್ಷ. ಯಾಕೆ? ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತಲ್ಲ, ಅದು ಮತ್ತೆ ಬರಲಿ ಅಂತ ಕಾಯುತ್ತಿದ್ದಾರೆ! ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಬೇರೆ. ಅವರ ಕರ್ಣನನ್ನು ನಾನು ಕೇಳಿದ್ದೇನೆ. ಮಾಟುಂಗಾದ ತಾಳಮದ್ದಲೆಗೆ ಹೋಗುವುದನ್ನೂ ಬಿಟ್ಟರು. ರಾತ್ರಿ ವಾಪಸ್ ಬಂದರೆ ಸ್ಟೇಷನ್ನಿನಿಂದ ಮನೆಗೆ ರಿಕ್ಷಾದವನು ಜಾಸ್ತಿ ಕೇಳುತ್ತಾನಂತೆ. ಈಗ ದಿನವಿಡೀ ಮನೆಯಲ್ಲಿ ಕೂತು ಹೆಂಡತಿ ಫ್ಯಾನ್ ಆಫ್ ಮಾಡಿದಳೋ ಇಲ್ಲವೋ ನೋಡುತ್ತಾರೆ.

ಹೋದ ವರ್ಷ ಅವರು ಜೆರಾಕ್ಸಿಗೆಂದು ಕೆಳಗೆ ಹೋದಾಗ ಅವರ ಹೆಂಡತಿ ಮೆಲ್ಲಗೆ ಕೇಳಿದರು, "ಆಡಿಟ್ರೇ, ನಮ್ಮ ಹತ್ರ ಇರೋದು ಎಷ್ಟು? ಎರಡು ಹೊತ್ತಿನ ಊಟಕ್ಕೆ ತೊಂದರೆ ಇಲ್ಲ ತಾನೇ?" ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ರಾಯರು ಬಂದ ಮೇಲೆ ಇಬ್ಬರನ್ನೂ ಕೂರಿಸಿ ಲೆಕ್ಕ ಹಾಕಿದೆ. ವರ್ಷಕ್ಕೆ ಒಂದೂವರೆ ಲಕ್ಷ ಅಸಲಿನಿಂದ ತೆಗೆದು ಸುಮ್ನೆ ಖರ್ಚು ಮಾಡಿ. ಇಪ್ಪತ್ತು ವರ್ಷಕ್ಕೆ 30 ಲಕ್ಷ. ಆಗ ನಿಮಗೆ 91, ಇನ್ನೂ 60 ಲಕ್ಷ ಇರುತ್ತದೆ.

ಇಲ್ಲಿ ಸ್ವಲ್ಪ ತಡೆಯಿರಿ. ಇದು ರಾಯರ ಲೆಕ್ಕ, ನಿಮ್ಮದಲ್ಲ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ, ಮನೆ ಖರ್ಚು ಏರುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಕೂತು ನೋಡಬೇಕು. ಆಸ್ಪತ್ರೆಗೆಂದು ಒಂದು ಗಂಟು ಬೇರೆ ಇರಲೇಬೇಕು, ಮೆಡಿಕ್ಲೇಮ್ ಇದ್ದರೂ. ಬಾಡಿಗೆ ಮನೆಯಲ್ಲಿರುವವರು, ಮಕ್ಕಳ ಸಾಲಕ್ಕೆ ಸಹಿ ಹಾಕಿದವರು ಈ ಮಾತು ಹಿಡಿದು ಹೊರಡಬೇಡಿ. ಇದ್ದೂ ಇಲ್ಲದವರ ಹಾಗೆ ಬದುಕುವವರಿಗೆ ಹೇಳುತ್ತಿದ್ದೇನೆ.

ರಾಯರು ಆ ಕರೆಂಟ್ ಬಿಲ್ಲನ್ನು ಮಡಚಿ ಫೈಲಿನಲ್ಲಿಟ್ಟುಕೊಂಡು ಹೋದರು. ನಾನು ಆಸೆ ಬಿಟ್ಟಿದ್ದೆ. ಮೊನ್ನೆ ಅವರ ಹೆಂಡತಿಯ ಫೋನು. ಊರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ಥರ್ಡ್ ಎಸಿ ಟಿಕೆಟ್ ಮಾಡಿಸಿದ್ದಾರಂತೆ. ಹೋಗುವುದಕ್ಕೆ ಮಾತ್ರ. ಬರುವಾಗ ಸ್ಲೀಪರ್. ತೆಂಗಿನಕಾಯಿ ಚೀಲ ಇರುತ್ತದಲ್ಲ, ಅದಕ್ಕೆ ಎಸಿ ಯಾಕೆ ಅಂದರಂತೆ ರಾಯರು.