ಭೂತ ಅಂದರೆ ಗೋಸ್ಟ್ ಅಲ್ಲ ಮಾರಾಯ್ರೆ

ಉಡುಪಿಯಲ್ಲಿ ಅನುವಾದ ಮಾಡಿಯೇ ಹೊಟ್ಟೆ ಹೊರೆಯುವವನು ನಾನು. ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ಮನೆಯ ಪಾಲುಪಟ್ಟಿ ತಂದರು. ಜೊತೆಗೆ ಬೇರೆ ಯಾರೋ ಮಾಡಿಕೊಟ್ಟ ಇಂಗ್ಲಿಷ್ ಪ್ರತಿ. ನಮ್ಮ ತುಳುನಾಡಿನಲ್ಲಿ ಭೂತ ಅಂದರೆ ಆರಾಧಿಸುವ ದೈವ. ಮೂಲದಲ್ಲಿ ‘ಭೂತದ ಕೋಣೆ’ ಅಂತ ಇದ್ದದ್ದು ಅಲ್ಲಿ ‘ಗೋಸ್ಟ್ ರೂಮ್’ ಆಗಿತ್ತು. ಸಾಲ ಕೊಡುವವರು, ಈ ಮನೆಯಲ್ಲಿ ಏನಾದರೂ ತೊಂದರೆ ಉಂಟಾ ಎಂದು ಕೇಳಿದರಂತೆ.

“ತೊಂದರೆ ಬಂದರೆ ನಾವು ಓಡುವುದೇ ಆ ಕೋಣೆಗಲ್ವಾ?” ಎಂದರು ಹಿರಿಯರು.

ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಬೇರೆ ಪದವೇ ಇದೆ, ಕುಲೆ. ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವುದು ಕುಲೆಗೆ. ಮದುವೆಯಾಗದೆ ತೀರಿಕೊಂಡವರಿಗೆ ಮಾಡಿಸುವುದು ಕುಲೆಯ ಮದುವೆ. ಕೋಲ, ನೇಮ, ತಂಬಿಲ ಎಂಬ ಸೇವೆಗಳೆಲ್ಲ ಭೂತಕ್ಕೆ. ಕೋಲದಲ್ಲಿ ಅದು ವೇಷ ಕಟ್ಟಿದವನ ಮೈಮೇಲೆ ಬಂದು ನ್ಯಾಯ ಹೇಳುತ್ತದೆ, ಊರಿನ ಜಗಳ ಬಿಡಿಸುತ್ತದೆ. ಗೋಸ್ಟ್ ಪಂಚಾಯ್ತಿಗೆ ಕೂರುತ್ತದಾ?

ಸತ್ತವರೂ ಭೂತವಾಗಿದ್ದಾರಲ್ಲ ಎನ್ನುವವರಿದ್ದಾರೆ. ಹೌದು, ನಾವು ಆರಾಧಿಸುವ ಅವಳಿ ವೀರರು ಕೋಟಿ ಚೆನ್ನಯರು ಕಾಳಗದಲ್ಲಿ ಮಡಿದವರು. ಆದರೆ ಪಂಜುರ್ಲಿ ಎಂಬ ಭೂತ ಹಂದಿ. ಅದು ಯಾರ ಗೋಸ್ಟ್?

ಈ ತಪ್ಪು ನಿನ್ನೆ ಮೊನ್ನೆಯದಲ್ಲ. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ಭೂತಗಳ ಕಥೆ ಹೇಳುವ ತುಳು ಹಾಡುಗಳು, 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾದಾಗ ತಲೆಬರಹದಲ್ಲೇ ‘ಡೆವಿಲ್ ವರ್ಷಿಪ್’ ಎಂದಿತ್ತು. ಅಷ್ಟು ದುಡಿದು ಹಾಡು ಉಳಿಸಿಕೊಟ್ಟ ಮನುಷ್ಯನನ್ನು ಬೈಯಲು ನನಗೆ ಮನಸ್ಸಿಲ್ಲ. ಇಲ್ಲೇ ಹುಟ್ಟಿ, ಕೋಲಕ್ಕೆ ಕೈಮುಗಿದು, ಮರುದಿನ ‘ಗೋಸ್ಟ್’ ಎಂದು ಬರೆಯುವವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ಹಾಗಂತ ಎಲ್ಲ ಕಡೆ ‘ಭೂತ’ ಅಳಿಸಿ ‘ದೈವ’ ಬರೆಯಬೇಡಿ. ನಮ್ಮಲ್ಲಿಗೆ ಕೆಲಸ ಕಲಿಯಲು ಬಂದ ಹುಡುಗ ಒಮ್ಮೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಹಾಗೆ ಮಾಡಿಬಿಟ್ಟಿದ್ದ. ಶಾಲೆಯ ಪುಸ್ತಕ ಅದು. ಭೂತಕಾಲ ದೈವಕಾಲವಾಯಿತು, ಭೂತಗನ್ನಡಿ ದೈವಗನ್ನಡಿ! ನಕ್ಕು ನಕ್ಕು ಸಾಕಾಯಿತು. ಆಮೇಲೆ ರಾತ್ರಿಯಿಡೀ ಕೂತು ಸರಿ ಮಾಡಿದೆವು. ಸಂಸ್ಕೃತದಲ್ಲಿ ‘ಭೂತ’ ಅಂದರೆ ‘ಆದದ್ದು’, ಅಷ್ಟೇ. ಪಂಚಭೂತದಲ್ಲಿ ಹೆದರುವಂಥದ್ದು ಏನಿದೆ? ಇನ್ನೊಂದು ತಮಾಷೆ ನೋಡಿ, ನಾವು ಹೆದರುವ ‘ದೆವ್ವ’ ಹುಟ್ಟಿದ್ದೇ ‘ದೈವ’ದಿಂದ.

ಆಸ್ತಿ ಪತ್ರವಾದರೆ ನಾನು ಮೂಲದ ಪದವನ್ನು ಮುಟ್ಟುವುದಿಲ್ಲ. ‘ಭೂತ’ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಪಕ್ಕದಲ್ಲಿ ‘ಮನೆಯವರು ಆರಾಧಿಸುವ ದೈವ’ ಎಂದು ಸೇರಿಸುತ್ತೇನೆ. ಕಾನೂನಿನ ತೊಡಕಿದ್ದರೆ ವಕೀಲರನ್ನು ಕೇಳಿ, ಅದು ನನ್ನ ಕೆಲಸವಲ್ಲ. ಹಿರಿಯರ ಪತ್ರಕ್ಕೂ ಹೀಗೇ ಮಾಡಿಕೊಟ್ಟೆ. ಸಾಲ ಸಿಕ್ಕಿತಂತೆ. ತಂಬಿಲಕ್ಕೆ ಬರಲು ಹೇಳಿದ್ದಾರೆ.