ಓಸ್ಲೋ ಫ್ಯೋರ್ಡ್‌ನ ದ್ವೀಪಗಳು: ಹಕ್ಕಿಗೆ ಏಕಾಂತ, ಗಿಡಕ್ಕೆ ಆರೈಕೆ

ನಾರ್ವೆಯ ರಾಜಧಾನಿ ಓಸ್ಲೋದ ಮುಂದೆ, ನೆಲದೊಳಕ್ಕೆ ದೂರದವರೆಗೆ ಚಾಚಿಕೊಂಡಿರುವ ಫ್ಯೋರ್ಡ್ ಎಂಬ ಕಿರಿದಾದ ಕಡಲ ಕೊಲ್ಲಿಯಲ್ಲಿ, ಸಣ್ಣ ಸಣ್ಣ ದ್ವೀಪಗಳು ಹರಡಿಕೊಂಡಿವೆ. ಅವುಗಳಲ್ಲಿ ಹಲವು ಇಂದು ಪೂರ್ತಿಯಾಗಿಯೋ ಭಾಗಶಃವೋ ನಿಸರ್ಗ ಮೀಸಲು ಪ್ರದೇಶಗಳಾಗಿವೆ. ನಾರ್ವೆಯ ಮೊದಲ ನಿಸರ್ಗ ಸಂರಕ್ಷಣಾ ಕಾಯಿದೆ ಬಂದದ್ದು 1910ರಲ್ಲಿ. ಆದರೆ ಇಂತಹ ಮೀಸಲುಗಳಿಗೆ ಗಟ್ಟಿಯಾದ ಚೌಕಟ್ಟು ಒದಗಿಸಿದ್ದು 1970ರ ಕಾಯಿದೆ. ಅದರ ಜಾಗಕ್ಕೆ 2009ರಲ್ಲಿ ಜೀವವೈವಿಧ್ಯ ಕಾಯಿದೆ ಬಂದಿತು.

ಈಡರ್ ಬಾತು, ಗಲ್ ಮತ್ತು ಟರ್ನ್ ಹಕ್ಕಿಗಳು ಇಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಹೆಣ್ಣು ಈಡರ್ ತನ್ನ ಎದೆಯ ತುಪ್ಪುಳನ್ನೇ ಗೂಡಿಗೆ ಹಾಸಿ, ಸುಮಾರು 26 ದಿನ ಹೆಚ್ಚುಕಡಿಮೆ ಉಪವಾಸವಿದ್ದು ಕಾವು ಕೊಡುತ್ತದೆ. ಈಜಲು ಬಂದವರು ದಡ ಹತ್ತಿದಾಗ ಅದು ಬೆದರಿ ಎದ್ದರೆ ಸಾಕು, ಮೊಟ್ಟೆಗಳು ಕಾಗೆಗಳ ಪಾಲಾಗುತ್ತವೆ. ಆದ್ದರಿಂದಲೇ ಕಡಲಹಕ್ಕಿಗಳ ಮೀಸಲುಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ 15ರಿಂದ ಜುಲೈ 15ರವರೆಗೆ ಕಾಲಿಡುವುದನ್ನು ನಿಷೇಧಿಸಲಾಗಿದೆ. ನಾರ್ವೆಯ ಬೇಸಿಗೆ ಬಹಳ ಚಿಕ್ಕದು. ಜನರಿಗೆ ಕಡಲು ಬೇಕೆನಿಸುವ ದಿನಗಳೇ ಹಕ್ಕಿಗಳಿಗೂ ಬೇಕಾದ ದಿನಗಳು. ಇನ್ನು, ತುಪ್ಪಳಿನ (ಫರ್) ಉದ್ಯಮಕ್ಕೆಂದು 1927ರಿಂದ ತರಿಸಿಕೊಂಡು ಸಾಕಿದ ಅಮೆರಿಕದ ಮಿಂಕ್ ಎಂಬ ಮುಂಗುಸಿಯಂತಹ ಪ್ರಾಣಿ, ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡು ಕರಾವಳಿಯುದ್ದಕ್ಕೂ ಹಬ್ಬಿತು. ಈಜಿಕೊಂಡು ದ್ವೀಪ ತಲುಪುವ ಈ ಬೇಟೆಗಾರನನ್ನು ಯಾವ ಪ್ರವೇಶ ನಿಷೇಧದ ಫಲಕವೂ ತಡೆಯಲಾರದು.

ಗಿಡಗಳ ಅಗತ್ಯ ಹಕ್ಕಿಗಳದ್ದಕ್ಕಿಂತ ತೀರಾ ಭಿನ್ನ. ಈ ದ್ವೀಪಗಳ ಸುಣ್ಣಕಲ್ಲಿನ ತೆಳುಮಣ್ಣಿನಲ್ಲಿ, ಬಿಸಿಲು ಬೀಳುವ ಒಣ ಹುಲ್ಲುಗಾವಲುಗಳಲ್ಲಿ, ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ನೀಲಿ ಹೂವಿನ 'ದ್ರಾಗೆಹೋದೆ' ಬೆಳೆಯುತ್ತದೆ. ಆ ಒಂದೇ ಗಿಡವನ್ನು ನಂಬಿ ಬದುಕುವ ಪುಟ್ಟ ಜೀರುಂಡೆಯೂ ಇದೆ. ಈ ದ್ವೀಪಗಳಿಗೆ ಮನುಷ್ಯರ ಒಡನಾಟ ಹೊಸದಲ್ಲ: 1147ರಲ್ಲಿ ಇಂಗ್ಲೆಂಡಿನಿಂದ ಬಂದ ಸನ್ಯಾಸಿಗಳು ಹೋವೆದೋಯ ದ್ವೀಪದಲ್ಲಿ ಮಠ ಕಟ್ಟಿದ್ದರು. ದನ ಮೇಯಿಸುವುದು, ಹುಲ್ಲು ಕೊಯ್ಯುವುದು ನಡೆಯುತ್ತಿದ್ದಷ್ಟು ಕಾಲ ಇಂತಹ ನೆಲ ಪೊದೆಗಟ್ಟದೆ ತೆರೆದೇ ಉಳಿಯುತ್ತದೆ. ಆ ಕೆಲಸಗಳು ನಿಂತುಹೋದ ಕಡೆಗಳಲ್ಲಿ ಮರಪೊದೆಗಳು ಏಳುತ್ತವೆ. ತೋಟಗಳಿಂದ ಹೊರಬಿದ್ದ ಕೊಟೋನಿಯಾಸ್ಟರ್‌ನಂತಹ ಅನ್ಯದೇಶದ ಪೊದೆಗಳೂ ಬೇರೂರುತ್ತವೆ. ದ್ರಾಗೆಹೋದೆಗೆ 2011ರಲ್ಲಿ ಕಾನೂನಿನ ವಿಶೇಷ ರಕ್ಷಣೆ ದೊರೆತಿದೆ. ಆದರೆ ಪ್ರತಿವರ್ಷ ಯಾರಾದರೂ ಪೊದೆ ಕಡಿಯದಿದ್ದರೆ ಆ ರಕ್ಷಣೆ ಕಾಗದದಲ್ಲಷ್ಟೇ ಉಳಿಯುತ್ತದೆ. ಮನುಷ್ಯ ದೂರವಿದ್ದರೆ ಸಾಕೆಂಬ ಹಳೆಯ ನಂಬಿಕೆಯೇ ಇಲ್ಲಿ ಹಾನಿ ಮಾಡಬಲ್ಲದು.

ಆದರೂ ಹೆಚ್ಚಿನ ಆತಂಕ ಇರುವುದು ನೀರಿನಲ್ಲಿ. ಈಡರ್‌ಗೆ ಮುಖ್ಯ ಆಹಾರವಾದ ಚಿಪ್ಪುಮೀನು ಫ್ಯೋರ್ಡ್‌ನಲ್ಲಿ ಕಡಿಮೆಯಾಗಿದೆ, ಕಾಡ್ ಮೀನಂತೂ ತೀವ್ರವಾಗಿ ಕುಸಿದಿದೆ. ಹೊಲಗಳಿಂದಲೂ ಒಳಚರಂಡಿಗಳಿಂದಲೂ ಹರಿದುಬಂದು ನೀರನ್ನು ಕೆಡಿಸುವ ಸಾರಜನಕವನ್ನು ತಗ್ಗಿಸುವುದು ನಾರ್ವೆ ಸರ್ಕಾರ 2021ರಲ್ಲಿ ಪ್ರಕಟಿಸಿದ ಓಸ್ಲೋ ಫ್ಯೋರ್ಡ್ ಯೋಜನೆಯ ಮುಖ್ಯ ಗುರಿಗಳಲ್ಲೊಂದು. ಆ ಕೆಲಸ ನಡೆಯಬೇಕಾದದ್ದು ಮೀಸಲು ದ್ವೀಪಗಳ ಗಡಿಯಿಂದ ಬಹು ದೂರದಲ್ಲಿರುವ ಊರುಗಳಲ್ಲಿ ಮತ್ತು ಹೊಲಗಳಲ್ಲಿ.