ಎರಡು ಫೋಟೊಗಳ ನಡುವೆ ಮೆಸುತ್ ಓಜಿಲ್

ಮೆಸುತ್ ಓಜಿಲ್ ಹೆಸರೆತ್ತಿದರೆ ಈಗ ಆಟದ ಮಾತು ಬರುವುದು ಕೊನೆಗೆ. ಫುಟ್‌ಬಾಲ್ ವಿಶ್ವಕಪ್ ಗೆದ್ದ ಮಿಡ್‌ಫೀಲ್ಡರ್, ಜರ್ಮನಿ ಪರ 92 ಪಂದ್ಯ, 23 ಗೋಲು. ಇದರಲ್ಲಿ ತಕರಾರಿಲ್ಲ. ತಕರಾರು ಇರುವುದೆಲ್ಲ ಉಳಿದದ್ದರಲ್ಲಿ. ಒಬ್ಬರ ಪ್ರಕಾರ ಅವರು ಜನಾಂಗೀಯ ದ್ವೇಷಕ್ಕೆ ಬಲಿಯಾದವರು. ಇನ್ನೊಬ್ಬರ ಪ್ರಕಾರ ಟೀಕಾಕಾರರನ್ನು ಜೈಲಿಗಟ್ಟುವ ಟರ್ಕಿ ನಾಯಕನ ಚುನಾವಣೆಗೆ ಮುಖ ಕೊಟ್ಟವರು. ಮೂರನೆಯವರಿಗೆ ಅವರು ಮೈ ಬಗ್ಗಿಸದ ಸೋಮಾರಿ ಆಟಗಾರ, ಅಷ್ಟೇ. ಮೂರೂ ವಾದಗಳು ಒಂದರೊಳಗೊಂದು ಸಿಕ್ಕಿಕೊಂಡು, ಯಾವುದು ಎಲ್ಲಿ ಶುರುವಾಯಿತೆಂಬುದೇ ಮರೆತುಹೋಗಿದೆ.

ಶುರುವಾದದ್ದು ಕಲ್ಲಿದ್ದಲಿನಿಂದ. 1961ರಲ್ಲಿ ಪಶ್ಚಿಮ ಜರ್ಮನಿ ತನ್ನ ಗಣಿ, ಕಾರ್ಖಾನೆಗಳಿಗೆ ಆಳು ಸಾಲದೆ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದವರು 'ಅತಿಥಿ ಕಾರ್ಮಿಕರು', ಅಂದರೆ ಒಂದು ದಿನ ಹೊರಡಬೇಕಾದವರು. ಬಹಳ ಮಂದಿ ಹೊರಡಲಿಲ್ಲ. ಓಜಿಲ್ ಮನೆತನದ ಮೂಲ ಕಪ್ಪು ಸಮುದ್ರದ ಬಳಿಯ ಝೊಂಗುಲ್ದಾಕ್ ಪ್ರಾಂತ್ಯ. 1988ರಲ್ಲಿ ಗೆಲ್ಸೆನ್‌ಕಿರ್ಶೆನ್ ಊರಿನಲ್ಲಿ ಮೂರನೇ ತಲೆಮಾರಿನ ಈ ಹುಡುಗ ಹುಟ್ಟುವ ಹೊತ್ತಿಗೆ ಅಲ್ಲಿನ ಗಣಿಗಳ ಕಾಲ ಮುಗಿಯುತ್ತಾ ಬಂದಿತ್ತು. ಆಟ ಕಲಿತದ್ದು ಬೇಲಿ ಬಿಗಿದ ಗಟ್ಟಿ ನೆಲದ ಅಂಗಳದಲ್ಲಿ. ಆ ಅಂಗಳಕ್ಕೆ ಓಣಿಯ ಹುಡುಗರು ಇಟ್ಟ ಹೆಸರು 'ಮಂಗನ ಪಂಜರ'. ಓದಿದ್ದು ಗೋಲ್‌ಕೀಪರ್ ಮ್ಯಾನುಯೆಲ್ ನಾಯರ್ ಓದಿದ ಶಾಲೆಯಲ್ಲೇ. ಆಡಿದ ಕ್ಲಬ್‌ಗಳು ಎಸೆನ್, ಶಾಲ್ಕೆ, ಆಮೇಲೆ 2008ರ ಜನವರಿಯಲ್ಲಿ ವರ್ಡರ್ ಬ್ರೆಮೆನ್.

ಅದಕ್ಕೂ ಮೊದಲು, 2007ರಲ್ಲಿ, ಓಜಿಲ್ ಟರ್ಕಿಯ ಪಾಸ್‌ಪೋರ್ಟ್ ಒಪ್ಪಿಸಿ ಜರ್ಮನ್ ಪ್ರಜೆಯಾದರು. ಎರಡನ್ನೂ ಇಟ್ಟುಕೊಳ್ಳಲು ಆಗಿನ ಕಾನೂನು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಅದೇ ಊರಲ್ಲಿ ಹುಟ್ಟಿದ ಅವಳಿಗಳು ಹಮಿತ್ ಮತ್ತು ಹಲಿಲ್ ಅಲ್ತಿಂತೊಪ್ ಟರ್ಕಿಗೆ ಆಡಿದರು. ಓಜಿಲ್ ಮಾತ್ರ ಜರ್ಮನಿ ಆರಿಸಿಕೊಂಡರು. 2009ರಲ್ಲಿ 21 ವರ್ಷದೊಳಗಿನವರ ಯುರೋಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಅನ್ನು 4–0ಯಿಂದ ಬಗ್ಗುಬಡಿದ ತಂಡದಲ್ಲಿ ಅವರ ಜೊತೆ ನಾಯರ್, ಹುಮ್ಮೆಲ್ಸ್, ಬೋಟೆಂಗ್, ಖದೀರಾ ಇದ್ದರು. ಮರುವರ್ಷ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಎಡಗಾಲಿನಿಂದ ಬಾರಿಸಿದ ಒಂದು ಗೋಲು, ಮೂರನೇ ಸ್ಥಾನ, ರಿಯಲ್ ಮ್ಯಾಡ್ರಿಡ್‌ನ ಕರೆ.

ಮೊದಲ ಫೋಟೊ ಬರುವುದು ಇಲ್ಲಿ. 2010ರ ಅಕ್ಟೋಬರ್ 8, ಬರ್ಲಿನ್, ಜರ್ಮನಿ ಎದುರು ಟರ್ಕಿ. ಚೆಂಡು ಕಾಲಿಗೆ ಬಂದಾಗಲೆಲ್ಲ ಟರ್ಕಿ ಬೆಂಬಲಿಗರು ಓಜಿಲ್‌ಗೆ ಶಿಳ್ಳೆ ಹೊಡೆದು ಹೀಯಾಳಿಸಿದರು. ಅವರು ಗೋಲು ಹೊಡೆದರು, ಸಂಭ್ರಮಿಸಲಿಲ್ಲ. ಪಂದ್ಯ 3–0. ಆಮೇಲೆ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಡ್ರೆಸ್ಸಿಂಗ್ ರೂಮಿಗೇ ಬಂದು, ಇನ್ನೂ ಅಂಗಿ ಹಾಕದ ಓಜಿಲ್ ಕೈಕುಲುಕಿದರು. ಆ ಚಿತ್ರ ದೇಶವಿಡೀ ಓಡಾಡಿತು. ಸಮಾಜದಲ್ಲಿ ಬೆರೆತದ್ದಕ್ಕೆಂದು ಅದೇ ವರ್ಷ ಒಂದು ದೊಡ್ಡ ಪ್ರಶಸ್ತಿಯೂ ಬಂತು. ಹುಟ್ಟಿದ ಊರಿನಲ್ಲೇ ಬೆಳೆದವನಿಗೆ ಬೆರೆತದ್ದಕ್ಕೆ ಬಹುಮಾನ ಕೊಡುವುದು ವಿಚಿತ್ರವೆಂದು ಆಗ ಹೆಚ್ಚಿನವರಿಗೆ ಅನ್ನಿಸಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ಹೊತ್ತಿನಲ್ಲಿ ಇಂಥವು ಕಾಣುವುದಿಲ್ಲ. ಆ ಸಂಜೆ ಮೆರ್ಕೆಲ್ ಪಕ್ಕ ಕೂತು ಪಂದ್ಯ ನೋಡಿದವರು ಟರ್ಕಿಯ ಆಗಿನ ಪ್ರಧಾನಿ ರೆಜೆಪ್ ತಯ್ಯಿಪ್ ಎರ್ಡೊಗನ್. ಎರ್ಡೊಗನ್‌ರನ್ನು ಓಜಿಲ್ ಮೊದಲು ಭೇಟಿಯಾದದ್ದೂ ಆಗಲೇ.

ಮುಂದಿನ ಎಂಟು ವರ್ಷ ಆಟದ್ದು. 2012ರಲ್ಲಿ ಮ್ಯಾಡ್ರಿಡ್ 100 ಅಂಕ ಗಳಿಸಿ ಲೀಗ್ ಗೆದ್ದಿತು. 2013ರಲ್ಲಿ ಲಂಡನ್‌ನ ಆರ್ಸೆನಲ್ ಕ್ಲಬ್ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಹಣ ಸುರಿದು ಓಜಿಲ್‌ರನ್ನು ಕೊಂಡಿತು. 2014ರಲ್ಲಿ ವಿಶ್ವಕಪ್, 2015–16ರ ಪ್ರೀಮಿಯರ್ ಲೀಗ್‌ನಲ್ಲಿ 19 ಅಸಿಸ್ಟ್, ಅಂದರೆ ಇನ್ನೊಬ್ಬರ ಗೋಲಿಗೆ ದಾರಿಯಾದ ಪಾಸ್. ಸೋಮಾರಿ ಎನ್ನುವವರು 2016ರ ನವೆಂಬರ್‌ನಲ್ಲಿ ಸೋಫಿಯಾದಲ್ಲಿ ಲುಡೊಗೊರೆಟ್ಸ್ ವಿರುದ್ಧ ಹೊಡೆದ ಗೋಲನ್ನು ನೋಡಬೇಕು: ಗೋಲ್‌ಕೀಪರ್ ತಲೆ ಮೇಲಿಂದ ಚೆಂಡು ದಾಟಿಸಿ, ಬಿದ್ದುಕೊಂಡು ತಡೆಯಬಂದ ಇಬ್ಬರನ್ನು ಅತ್ತಿತ್ತ ಜಾರಿಸಿ, ಅವಸರವೇ ಇಲ್ಲದೆ ಒಳಗೆ ಸೇರಿಸಿದ್ದು. ಗೆದ್ದಾಗ ಈ ನಿಧಾನಕ್ಕೆ ಕಲೆ ಎನ್ನುತ್ತಿದ್ದರು. ಸೋತಾಗ ಅದಕ್ಕೇ ಬೇರೆ ಹೆಸರು. ರಾಷ್ಟ್ರಗೀತೆ ಹಾಡುವುದಿಲ್ಲವೆಂಬ, ಮೆಕ್ಕಾದಲ್ಲಿ ತೆಗೆಸಿಕೊಂಡ ಚಿತ್ರ ಹಾಕಿದರೆಂಬ ಗೊಣಗಾಟ ಅಂಚಿನಲ್ಲಿ ನಡೆದೇ ಇತ್ತು.

2018ರ ಮೇ 13ರಂದು ಎರಡನೇ ಫೋಟೊ ಬಂತು. ಲಂಡನ್‌ನಲ್ಲಿ ಓಜಿಲ್, ಜರ್ಮನಿ ತಂಡದ ಸಹ ಆಟಗಾರ ಇಲ್ಕಾಯ್ ಗುಂಡೋಗನ್ ಮತ್ತು ಟರ್ಕಿ ಪರ ಆಡುತ್ತಿದ್ದ ಜೆಂಕ್ ತೋಸುನ್, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಎರ್ಡೊಗನ್ ಜೊತೆ ನಿಂತರು. ಗುಂಡೋಗನ್ ಕೊಟ್ಟ ಜೆರ್ಸಿಯ ಮೇಲೆ 'ನನ್ನ ಗೌರವಾನ್ವಿತ ಅಧ್ಯಕ್ಷರಿಗೆ' ಎಂಬ ಬರಹ. ಕರೆ ಬಂದಿದ್ದ ಇನ್ನೊಬ್ಬ ಜರ್ಮನ್ ಆಟಗಾರ ಎಮ್ರೆ ಜಾನ್ ಹೋಗಿರಲಿಲ್ಲ. ಟರ್ಕಿಯಲ್ಲಿ ಚುನಾವಣೆಗೆ ಆರು ವಾರ ಬಾಕಿ. ಚಿತ್ರಗಳನ್ನು ಹೊರಬಿಟ್ಟದ್ದು ಎರ್ಡೊಗನ್ ಅವರ ಪಕ್ಷ.

ಜರ್ಮನ್ನರ ಸಿಟ್ಟನ್ನೆಲ್ಲ ದ್ವೇಷವೆಂದು ತಳ್ಳಿಹಾಕುವಂತಿಲ್ಲ. 2016ರ ವಿಫಲ ಸೇನಾದಂಗೆಯ ನಂತರ ಟರ್ಕಿಯ ಜೈಲುಗಳು ತುಂಬಿದ್ದವು. ಜರ್ಮನ್ ಪತ್ರಕರ್ತ ಡೆನಿಜ್ ಯುಜೆಲ್ ಒಂದು ವರ್ಷ ಅಲ್ಲಿ ಬಂಧನದಲ್ಲಿದ್ದು, ಹೊರಬಂದು ಮೂರೇ ತಿಂಗಳಾಗಿತ್ತು. ಅಂಥ ಹೊತ್ತಿನಲ್ಲಿ ರಾಷ್ಟ್ರೀಯ ತಂಡದ ಇಬ್ಬರು ಅಲ್ಲಿ ನಿಂತದ್ದನ್ನು ಪ್ರಶ್ನಿಸುವುದು ನ್ಯಾಯವೇ. ಆದರೆ ಪ್ರಶ್ನೆ ಬೇಗ ದಾರಿ ಬದಲಿಸಿತು. ಇವರು ನಿಂತದ್ದು ಸರಿಯೇ ಎಂದು ಕೇಳುತ್ತಿದ್ದವರು, ಇವರು ನಮ್ಮವರೇ ಎಂದು ಕೇಳತೊಡಗಿದರು. ಜರ್ಮನಿಯ ಅಧ್ಯಕ್ಷ ಸ್ಟೈನ್‌ಮಯರ್ ಇಬ್ಬರನ್ನೂ ಭೇಟಿಯಾಗಿ ಮಾತಾಡಿದರೂ ಬಿಸಿ ಆರಲಿಲ್ಲ. ಗುಂಡೋಗನ್ ವಿವರಣೆ ಕೊಟ್ಟರು, ಆದರೂ ಲೆವರ್‌ಕೂಸನ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಇಳಿದಾಗ ಸ್ವಂತ ದೇಶದ ಪ್ರೇಕ್ಷಕರೇ ಶಿಳ್ಳೆ ಹಾಕಿದರು. ಓಜಿಲ್ ಬಾಯಿ ಬಿಡಲೇ ಇಲ್ಲ. ಆ ಮೌನ ಅವರಿಗೆ ಬಹಳ ದುಬಾರಿಯಾಯಿತೆಂದು ನನಗನ್ನಿಸುತ್ತದೆ. ಖಾಲಿ ಬಿಟ್ಟ ಜಾಗವನ್ನು ಬೇರೆಯವರು ತುಂಬಿದರು.

ರಷ್ಯಾದ ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧ ಸೋಲು. ಸ್ವೀಡನ್ ವಿರುದ್ಧ ಓಜಿಲ್ ಬೆಂಚಿನಲ್ಲಿದ್ದರು, ಸಹ ಆಟಗಾರ ಕ್ರೂಸ್ ಕೊನೆಗಳಿಗೆಯ ಗೋಲು ಹೊಡೆದು ಉಳಿಸಿದರು. ಜೂನ್ 27ರಂದು ಕಜಾನ್‌ನಲ್ಲಿ ದಕ್ಷಿಣ ಕೊರಿಯಾ 2–0ಯಿಂದ ಗೆದ್ದು, ಹಾಲಿ ಚಾಂಪಿಯನ್ನರು ಗುಂಪಿನ ತಳದಲ್ಲಿ ಉಳಿದರು. ಆ ಪಂದ್ಯದ ಕೊನೆಯಲ್ಲಿ ಓಜಿಲ್ ತೂಗಿ ಕೊಟ್ಟ ಚೆಂಡನ್ನು ಹುಮ್ಮೆಲ್ಸ್ ತಡೆಯುವವರಿಲ್ಲದೆ ನಿಂತೂ ತಲೆಯಿಂದ ಹೊರಗೆ ಹೊಡೆದದ್ದು ಈಗ ಯಾರಿಗೂ ನೆನಪಿಲ್ಲ. ಸೋಲಿಗೆ ಒಂದು ಮುಖ ಬೇಕಿತ್ತು, ಸಿಕ್ಕಿತು. ಓಜಿಲ್‌ರನ್ನು ಬಿಟ್ಟು ಹೋಗುವುದನ್ನು ಯೋಚಿಸಬೇಕಿತ್ತು ಎಂಬ ಮಾತು ತಂಡದ ಆಡಳಿತದೊಳಗಿಂದಲೇ ಬಂತು. ಆಡಿದವರು ಆಮೇಲೆ ವಿಷಾದಿಸಿದರು.

70 ದಿನಗಳ ಮೌನ ಮುರಿದದ್ದು ಜುಲೈ 22ರಂದು, ಮೂರು ಕಂತುಗಳಲ್ಲಿ, ಇಂಗ್ಲಿಷಿನಲ್ಲಿ. ಫೋಟೊಗೆ ನಿಂತದ್ದು ಹುದ್ದೆಯ ಗೌರವಕ್ಕೆ, ರಾಜಕೀಯಕ್ಕಲ್ಲ ಎಂಬುದು ಮೊದಲನೆಯದು. ಎರಡನೆಯದು ಮಾಧ್ಯಮ, ಪ್ರಾಯೋಜಕರು, ಕಾರ್ಯಕ್ರಮದಿಂದ ಹಿಂದೆ ಸರಿದ ತಮ್ಮ ಹಳೆಯ ಶಾಲೆಯ ಬಗ್ಗೆ. ಮೂರನೆಯದು ಫುಟ್‌ಬಾಲ್ ಸಂಸ್ಥೆಯ ಮೇಲೆ: ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ. ಪೋಲೆಂಡ್‌ನಲ್ಲಿ ಹುಟ್ಟಿದ ಆಟಗಾರರಾದ ಕ್ಲೋಸೆ, ಪೊಡೊಲ್ಸ್ಕಿ ಯಾರೂ 'ಜರ್ಮನ್-ಪೋಲಿಷ್' ಅಲ್ಲ, ನಾನೇಕೆ 'ಜರ್ಮನ್-ಟರ್ಕಿಶ್' ಎಂದೂ ಕೇಳಿದರು. ಇನ್ನು ದೇಶಕ್ಕೆ ಆಡುವುದಿಲ್ಲ ಎಂದರು. ಸಂಸ್ಥೆ ಜನಾಂಗೀಯತೆಯ ಆರೋಪ ನಿರಾಕರಿಸಿತು, ಫೋಟೊ ಪ್ರಸಂಗವನ್ನು ನಿಭಾಯಿಸಿದ ರೀತಿಯಲ್ಲಿ ಲೋಪವಿತ್ತೆಂದು ಒಪ್ಪಿತು. ಜನಾಂಗೀಯತೆ ತಂಡದೊಳಗಿಲ್ಲವೆಂದು ಕ್ರೂಸ್ ಹೇಳಿದರು. ವಲಸಿಗರ ಮಕ್ಕಳು ತಮ್ಮ ತಮ್ಮ ಅನುಭವಗಳನ್ನು ಸಾವಿರಾರು ಸಂಖ್ಯೆಯಲ್ಲಿ ಬರೆದುಕೊಂಡರು.

ನಂತರದ್ದನ್ನು ಬೇಗ ಹೇಳಬಹುದು. 2019ರಲ್ಲಿ ಇಸ್ತಾಂಬುಲ್‌ನ ಮದುವೆಗೆ ಎರ್ಡೊಗನ್ ಸಾಕ್ಷಿ. ಅದೇ ಡಿಸೆಂಬರ್‌ನಲ್ಲಿ ಚೀನಾದ ವೀಗರ್ ಮುಸ್ಲಿಮರ ಪರ ಬರೆದದ್ದಕ್ಕೆ ಚೀನಾ ಟಿವಿಯಿಂದ ಆರ್ಸೆನಲ್ ಪಂದ್ಯವೇ ಮಾಯ, ಕ್ಲಬ್ ದೂರ ಸರಿಯಿತು. 2020ರ ಮಾರ್ಚ್ ನಂತರ ಆರ್ಸೆನಲ್‌ಗೆ ಆಡಲೇ ಇಲ್ಲ. ಆಮೇಲೆ ಟರ್ಕಿಯ ಕ್ಲಬ್‌ಗಳಾದ ಫೆನರ್‌ಬಾಚೆ, ಬಾಷಾಕ್‌ಷೆಹಿರ್, 2023ರ ಮಾರ್ಚ್‌ನಲ್ಲಿ ನಿವೃತ್ತಿ. 2025ರಲ್ಲಿ ಎರ್ಡೊಗನ್ ಪಕ್ಷದ ಕೇಂದ್ರ ಮಂಡಳಿಗೆ ಸೇರಿದಾಗ ಹಲವರು 'ನಾವು ಅಂದೇ ಹೇಳಿರಲಿಲ್ಲವೇ' ಎಂದರು. 2018ರಲ್ಲೇ ಅವರು ಅಲ್ಲಿದ್ದರೋ, ಆ ಬೇಸಿಗೆ ಅವರನ್ನು ಅಲ್ಲಿಗೆ ತಳ್ಳಿತೋ ಎಂಬುದು ಅಷ್ಟು ಸುಲಭಕ್ಕೆ ಬಗೆಹರಿಯುವ ಲೆಕ್ಕವಲ್ಲ.

ಏಕೆಂದರೆ ಅದೇ ಫೋಟೊದಲ್ಲಿದ್ದ, ಅದೇ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿದ ಗುಂಡೋಗನ್ ತಂಡ ಬಿಡಲಿಲ್ಲ. 2024ರಲ್ಲಿ ಜರ್ಮನಿಯಲ್ಲೇ ನಡೆದ ಯುರೋ ಕಪ್‌ನಲ್ಲಿ ಅವರು ತಂಡದ ನಾಯಕ. ಟೂರ್ನಿಯ ನಡುವೆಯೇ, ಜೂನ್ 27ರಂದು, ಹಳೆಯ ಪಾಸ್‌ಪೋರ್ಟ್ ಒಪ್ಪಿಸದೆಯೂ ಜರ್ಮನ್ ಪ್ರಜೆಯಾಗಬಹುದೆಂಬ ಕಾನೂನು ಜಾರಿಗೆ ಬಂತು.